ಮಾತಿನಮಲ್ಲನ ಕಾಗುಣಿತ

ಎಲ್ಲ ಅನಾಹುತಕ್ಕೂ ಕಾರಣ, ಮಧ್ಯದಲ್ಲಿ ಕಟ್ಟಾದ ಒಂದು ಫೋನು.

"ಹೊಸ ನಿರ್ದೇಶಕಿ ಹನ್ನೊಂದಕ್ಕೆ ಬರ್ತಾರೆ. ಅಂಗವಿಕಲರ ಸಂಘದಲ್ಲೂ ಇದ್ದಾರೆ. ಮಾತಿನಲ್ಲಿ ಸ್ವಲ್ಪ..." ಎಂದು ಪ್ರಧಾನ ಕಚೇರಿಯವರು ಹೇಳುವಷ್ಟರಲ್ಲಿ ರೇಡಿಯೋ ನಿಲಯದ ಫೋನು ಕೊನೆಯುಸಿರೆಳೆಯಿತು.

"ಎಚ್ಚರ ಇರಲಿ ಅಂತ!" ವಾಕ್ಯ ಪೂರ್ತಿ ಮಾಡಿದ್ದು ಲೆಕ್ಕದಕ್ಕ. ಲೆಕ್ಕಪತ್ರ ವಿಭಾಗದ ಈಕೆಗೆ ಯಾರ ಅರ್ಧ ಮಾತು ಸಿಕ್ಕಿದರೂ ಮುಗಿಸಿಕೊಡದಿದ್ದರೆ ಊಟ ಸೇರದು.

ಸ್ವಾಗತ ಭಾಷಣ ಮಾತಿನಮಲ್ಲನದು. ಈ ಉದ್ಘೋಷಕನಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಎದುರಿಗೆ ಮೈಕಿದ್ದರೆ ಅವನ ನಾಲಿಗೆ ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲು. ಇವತ್ತಂತೂ ಅವನ ಪ್ರಾಣವೇ ಆ ಭಾಷಣದ ಮೇಲೆ ನಿಂತಿತ್ತು. ಹತ್ತು ವರ್ಷ ತರಕಾರಿ ಧಾರಣೆ ಓದಿ ಸೊಪ್ಪಾದವನಿಗೆ ಬೆಳಗಿನ ಹರಟೆ ಕಾರ್ಯಕ್ರಮ ಕೊಡುವುದೋ ಬಿಡುವುದೋ, ಹೊಸ ಮೇಡಂ ಇಷ್ಟ.

"ಎಲ್ಲಿ, ಒಪ್ಪಿಸು ಭಾಷಣ," ಎಂದಳು ಲೆಕ್ಕದಕ್ಕ.

"ನಮ್ಮ ನಿಲಯಕ್ಕೆ ಕಾಲಿಟ್ಟ..."

"ಅಯ್ಯೋ! ಅವರಿಗೆ ಕಾಲಿನ ತೊಂದರೆ ಇದ್ರೆ?"

"ಸರಿ. ಕಣ್ತುಂಬಾ ನೋಡೋ ಭಾಗ್ಯ..."

"ಕಣ್ಣಿಂದಾಗಿದ್ರೆ?" ಧ್ವನಿ ತಂತ್ರಜ್ಞ ಹೆಡ್‌ಫೋನ್ ಸರಿಸಿ ಬಾಯಿ ಹಾಕಿದ. "ಮುಂದೆ ಕಿವಿಗೊಟ್ಟು ಅಂತ ಬರುತ್ತಲ್ಲ, ಅದನ್ನೂ ತೆಗಿ."

"ಕುಂಟು ನೆಪ ಹೇಳದೆ ದುಡೀತೀವಿ ಅಂತ..."

"ಅದನ್ನ ಯಾರೆದುರಿಗೂ ಹೇಳ್ಬೇಡ!" ಆ ದಿನ ಲೆಕ್ಕದಕ್ಕ ಆಡಿದ ಒಂದೇ ಒಂದು ಸರಿಯಾದ ಮಾತು ಅದು.

"ನಮ್ಮ ಕೈಹಿಡಿದು ನಡೆಸಿ..."

"ಕೈ ಬಿಡು!" ಎಂದರು ಇಬ್ಬರೂ.

ಕೊನೆಗೆ ಉಳಿದದ್ದು 'ನಮಸ್ಕಾರ' ಮತ್ತು 'ಧನ್ಯವಾದ'. ಅಂಗಾಂಗ ಕಳೆದುಕೊಂಡದ್ದು ಭಾಷಣ ಮಾತ್ರ.

ಮೇಡಂ ಬಂದರು. ಮೆಟ್ಟಿಲು ಸರಸರ ಹತ್ತಿದರು. ಗೋಡೆ ಗಡಿಯಾರ ನೋಡಿ ವಾಚು ಸರಿಮಾಡಿಕೊಂಡರು. ಬೀದಿಯಲ್ಲಿ ಹಾರ್ನ್ ಆದಾಗ ತಿರುಗಿ ನೋಡಿದರು. ತುಟಿ ಬಿಚ್ಚದೆ ನಕ್ಕು, ಕೈಮುಗಿದು ಕೂತರು.

"ಎಲ್ಲ ನೆಟ್ಟಗಿದೆಯಲ್ಲಕ್ಕಾ!" ತಂತ್ರಜ್ಞ ಪಿಸುಗುಟ್ಟಿದ.

"ಕಾಣದೇ ಇರೋದು ಇನ್ನೂ ಕಷ್ಟ," ಎಂದು ಲೆಕ್ಕದಕ್ಕ ಮಲ್ಲನ ಕಡೆ ತಿರುಗಿದಳು. "ಯಾವ ಪದಾನೂ ನಂಬಬೇಡ!"

ಮಲ್ಲ ಮೈಕಿನ ಮುಂದೆ ನಿಂತ. "ನಮಸ್ಕಾರ. ನಮ್ಮ ನಿಲಯಕ್ಕೆ ಕಾ... ಕಾ..."

ಲೆಕ್ಕದಕ್ಕ ಕೆಕ್ಕರಿಸಿದಳು.

"ಕ... ಕಣ್... ಕಿ... ಕಿ..." ಎಲ್ಲಿ ಹೋದರೂ ಒಂದೊಂದು ಅಂಗ ಅಡ್ಡ. "ಕು... ಕೈ... ಕೈ..." ಬೆವರು ಕಾಲರಿಗಿಳಿಯಿತು. ಊರು ಮೆಚ್ಚಿದ ಮಾತುಗಾರ ಒಂದನೇ ಕ್ಲಾಸಿನ ಕಾಗುಣಿತಕ್ಕೆ ಬಂದು ಬಿದ್ದಿದ್ದ.

ಮೇಡಂ ದಿಗ್ಗನೆ ಎದ್ದರು. ಮುಖ ಬಿಳಿಚಿಹೋಗಿತ್ತು.

"ನಿ... ನಿಮಗೂ ತೊ... ತೊದಲಾ?"

ಕಟ್ಟಾದ ಫೋನಿನ ಉಳಿದರ್ಧ ಸೀರೆಯುಟ್ಟು ಎದುರಿಗೇ ನಿಂತಿತ್ತು: ಮಾತಿನಲ್ಲಿ ಸ್ವಲ್ಪ ತೊದಲು!

"ರೇಡಿಯೋದಲ್ಲಿ ನಿಮ್ಮನ್ನ ಕೇಳಿದ್ದೀನಿ. ಒಂದು ತ... ತಡವರಿಕೆ ಇಲ್ಲ. ನೋಡಿ ಓದುವಾಗ ನನಗೂ ತೊದಲು ಬರಲ್ಲ." ಮೇಡಂ ಕಣ್ಣು ಒದ್ದೆಯಾಯಿತು. "ಇಷ್ಟು ವರ್ಷ ಬ... ಬ..."

"ಬಚ್ಚಿಟ್ಟಿದ್ದ ಮೇಡಂ, ಪಾಪ!" ಲೆಕ್ಕದಕ್ಕ ನುಗ್ಗಿದಳು.

ಮೇಡಂ ಕೈ ಎತ್ತಿ ತಡೆದರು. "ಪಾಪ ಬೇಡ. ದೋಷ, ಕೊರತೆ ಅನ್ನೋದೂ ಬೇಡ. ತೊದಲು ಅಂದ್ರೆ ಸಾಕು, ಅದೇನು ಬೈಗುಳ ಅಲ್ಲ. ಆದರೆ ನಮ್ಮ ವಾಕ್ಯ ನೀವು ಮು... ಮುಗಿಸಬೇಡಿ. ಕಾಯಿರಿ. ಅಷ್ಟೇ ಕೇಳೋದು."

ಲೆಕ್ಕದಕ್ಕನ ಬಾಯಿ ಬೀಗ ಜಡಿದ ಹಾಗೆ ಮುಚ್ಚಿಕೊಂಡಿತು.

"ಬೆಳಗಿನ ಕಾರ್ಯಕ್ರಮ ನಿಮಗೇ," ಎಂದರು ಮೇಡಂ, ಮಲ್ಲನಿಗೆ. "ಷರತ್ತು ಒಂದೇ. ಇನ್ಮೇಲೆ ತೊದಲನ್ನ ಮು... ಮುಚ್ಚಿಡೋ ಹಾಗಿಲ್ಲ."

ಮಲ್ಲ ಕಲ್ಲಾದ. ತೊದಲಿಲ್ಲ ಎಂದರೆ ಮೇಡಮ್ಮನ್ನೇ ಅಣಕಿಸಿದ ಹಾಗೆ. ಇದೆ ಎಂದರೆ ದಿನಾ ಬೆಳಗ್ಗೆ, ಊರೆಲ್ಲ ಕೇಳುವಂತೆ, ಇಲ್ಲದ್ದನ್ನು ತೊದಲಬೇಕು. ನಿಜ ಹೇಳಿಬಿಡುವುದೇ ವಾಸಿ ಎಂದು ಬಾಯಿ ತೆರೆದ.

"ಮೇಡಂ, ನ... ನ... ನನ..."

ಈ ಸಲ ಯಾವ ಪದಕ್ಕೂ ಹೆದರಿದ್ದಲ್ಲ. ನಾಲಿಗೆ ನಿಜಕ್ಕೂ ತೊದಲುತ್ತಿತ್ತು. ಯಾರಾದರೂ ಅಡ್ಡ ಬಾಯಿ ಹಾಕಿ ಉಳಿಸಲಿ ಎಂದು ಅವನು ಲೆಕ್ಕದಕ್ಕನ ಕಡೆ ದೀನನಾಗಿ ನೋಡಿದ.

ಜನ್ಮದಲ್ಲಿ ಮೊದಲ ಸಲ ಲೆಕ್ಕದಕ್ಕ, ಎರಡೂ ಕೈ ಕಟ್ಟಿಕೊಂಡು, ಭಯಭಕ್ತಿಯಿಂದ ಕಾಯುತ್ತಿದ್ದಳು.