ಭರಣಿಯೊಳಗಿನ ಮಂದಿ

ಕೊಳೆಯ ಮೇಲೆ ಪ್ರೀತಿ ಹುಟ್ಟುವುದು ಸುಲಭವಲ್ಲ. ನನಗೆ ಹುಟ್ಟಿತು, ಅದೂ ಪರೀಕ್ಷೆಯ ಭಯದಿಂದ. ಆಗಿನ್ನೂ ಮೊಬೈಲಿನಲ್ಲಿ ಮಿಸ್ಡ್ ಕಾಲ್ ಕೊಡುವ ಕಾಲ. ನಾನು ರಾಣೆಬೆನ್ನೂರಿನಲ್ಲಿ ಪರಿಸರ ಎಂಜಿನಿಯರಿಂಗ್ ಓದುತ್ತಿದ್ದೆ. ಅಂದರೆ ಸಸಿ ನೆಡುವುದನ್ನು ಕಲಿಸುತ್ತಾರೆಂದು ಬ್ಯಾಡಗಿಯ ನಮ್ಮ ಓಣಿಯವರು ನಂಬಿದ್ದರು. ನಾವು ಕಲಿಯುತ್ತಿದ್ದುದು ಚರಂಡಿ ನೀರಿನ ಮುಂದಿನ ಗತಿಯನ್ನು. ನನ್ನ ಪ್ರಾಜೆಕ್ಟ್ ಒಂದು ಗಾಜಿನ ಭರಣಿ. ಅದರಲ್ಲಿ ಕಂದು ರಾಡಿ, ರಾಡಿಯಲ್ಲಿ ಕೊಳೆಯನ್ನೇ ತಿಂದು ನೀರನ್ನು ತಿಳಿ ಮಾಡುವ ಸೂಕ್ಷ್ಮಜೀವಿಗಳು. ಅವಕ್ಕೆ ದಿನಾ ಊಟ ಬೇಕು, ಎಡೆಬಿಡದೆ ಗಾಳಿ ಬೇಕು. ದೀಪಾವಳಿ ರಜೆಗೆ ಲ್ಯಾಬಿಗೆ ಬೀಗ. ರಜೆ ಮುಗಿದ ದಿನವೇ ಪರೀಕ್ಷೆ. ಅಷ್ಟರಲ್ಲಿ ಅವು ಸತ್ತರೆ ನನ್ನ ಒಂದು ವರ್ಷವೂ ಅವುಗಳ ಜೊತೆ ಹೋದಂತೆ. ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಊರಿನ ಬಸ್ಸು ಹತ್ತಿದೆ.

"ಏನೈತವ್ವಾ ಅದರಾಗ?" ಎಂದ ಕಂಡಕ್ಟರ್.

"ಜೀವ ಅದಾವ್ರಿ."

"ಕೋಳಿಗೂ ಅರ್ಧ ಟಿಕೇಟು ಐತಿ. ಎಷ್ಟದಾವು?"

"ಕೋಟಿಗಟ್ಟಲೆ ಇರಬೇಕ್ರಿ."

ಅವನು ಟಿಕೇಟಿನ ಕಟ್ಟನ್ನು ನೋಡಿದ, ನನ್ನನ್ನು ನೋಡಿದ, ಮುಂದಿನ ಸೀಟಿಗೆ ಹೋದ.

"ಹಬ್ಬದಾಗ ಗಟಾರ ಹೊತ್ತ ತಂದೀಯಲ್ಲ!" ಎಂದು ಅವ್ವ ಬಾಗಿಲಲ್ಲೇ ತಡೆದಳು. ಹೇಗೋ ಪಡಸಾಲೆಯ ಮೂಲೆ ಸಿಕ್ಕಿತು. ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಣ್ಣ ಪಂಪು ಹಚ್ಚಿದೆ, ಬೆಲ್ಲದ ನೀರು ಉಣಿಸಿದೆ. ಹಬ್ಬ ಕಳೆಯುವಷ್ಟರಲ್ಲಿ ಅವ್ವ, "ಅವು ಉಂಡ್ವೇನ?" ಎಂದು ಕೇಳಿಯೇ ನನಗೆ ತಟ್ಟೆ ಹಾಕುತ್ತಿದ್ದಳು. ಅವ್ವ ಹಾಗೆ ಒಮ್ಮೆಯೂ ಕೇಳಿಲ್ಲ, ಇದೆಲ್ಲ ನಾನು ಆಮೇಲೆ ಜೋಡಿಸಿದ್ದು ಎನ್ನುತ್ತಾಳೆ ತಂಗಿ. ಇರಬಹುದು. ಇಷ್ಟು ಸಲೀಸಾಗಿ ನೆನಪಾಗುವುದರ ಮೇಲೆ ನನಗೂ ಗುಮಾನಿಯೇ. ಆದರೆ ಪರೀಕ್ಷೆಯ ಹಿಂದಿನ ಮಧ್ಯಾಹ್ನ ಕರೆಂಟು ಹೋದದ್ದು ಖರೆ. ನಮ್ಮೂರಲ್ಲಿ ಅದಕ್ಕೆ ಸಾಕ್ಷಿ ಬೇಕಿಲ್ಲ.

ಗುಳ್ಳೆಗಳು ನಿಂತವು. ನಾನು ಭರಣಿಯ ಮುಂದೆ ಕೂತು ಅಳತೊಡಗಿದೆ. ಮೆಣಸಿನಕಾಯಿ ಅಂಗಡಿಯಿಂದ ಊಟಕ್ಕೆ ಬಂದಿದ್ದ ಅಪ್ಪ, "ಉಸಿರ ಕಟ್ಟಿ ಸಾಯ್ತಾವ? ಹಿಂಗ ಕುಂತ್ರ ಆತನ? ಲಗೂ ನಳಿಗಿ ಹಿಡಿ," ಎಂದು ಸೈಕಲ್ ಪಂಪು ತಂದ. ಅವನ ಕೈ ಸೋತಾಗ ಅವ್ವ, ಅವಳು ಸೋತಾಗ ನಾನು. ಸಂಜೆ ಕರೆಂಟು ಬಂತು. ಬದುಕಿವೆಯೋ ಇಲ್ಲವೋ? ಬದುಕಿದ್ದರೆ ಹಸಿಮಣ್ಣಿನ ವಾಸನೆ, ಸತ್ತಿದ್ದರೆ ಕೊಳೆತ ಮೊಟ್ಟೆಯದು ಎಂದು ಪುಸ್ತಕ ಹೇಳುತ್ತಿತ್ತು. ಎಲ್ಲರೂ ಭರಣಿಗೆ ಮೂಗು ಹಚ್ಚಿದೆವು. ಎಲ್ಲರೂ ಸೀನಿದೆವು. ಮೆಣಸಿನಕಾಯಿ ಚೀಲಗಳ ನಡುವೆ ಬಾಳುವವರ ಮೂಗಿಗೆ ಬೇರೆ ಕೆಲಸ ಬರುವುದಿಲ್ಲ.

ಮರುದಿನ ಭರಣಿ ಹೊತ್ತು ಅಪ್ಪನೂ ಬಂದ, ಕಂಕುಳಲ್ಲಿ ಪಂಪು. ಲ್ಯಾಬಿನಲ್ಲಿ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿದೆ. ಉದ್ದನೆಯ ದಂಟಿನ ತುದಿಯಲ್ಲಿ ಗಂಟೆಯಂಥ ಗಾಜಿನ ಹೂಗಳು, ತೋಟದ ತುಂಬ. ತೊನೆಯುತ್ತವೆ, ಚಕ್ಕನೆ ಸುರುಳಿಯಾಗಿ ಮುದುಡುತ್ತವೆ, ಮತ್ತೆ ನಿಧಾನ ಅರಳುತ್ತವೆ. ಪುಸ್ತಕದಲ್ಲಿ ಇವುಗಳ ಚಿತ್ರವಿತ್ತು, ಚಿತ್ರ ಹೀಗೆ ಬೆಚ್ಚಿಬೀಳುತ್ತಿರಲಿಲ್ಲ. ಬದುಕಿದ್ದವು. ಅಪ್ಪನನ್ನು ಎಳೆದು ತಂದೆ. ಅವನು ಟೊಪ್ಪಿಗೆ ತೆಗೆದು ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

"ಇವರೆಲ್ಲಾ ನಮ್ಮ ಪಡಸಾಲ್ಯಾಗ ಇದ್ರಾ?"

"ಹೂಂನಪಾ."

"ಇನ್ನೊಂದೀಟು ಬೆಲ್ಲ ಹಾಕಬೇಕಿತ್ತಲ್ಲ."

ಪರೀಕ್ಷೆ ಸುಸೂತ್ರವಾಯಿತು. "ಇನ್ನೇನಮ್ಮ, ಆ ರಾಡಿ ಸಿಂಕಿನ್ಯಾಗ ಚೆಲ್ಲಿಬಿಡು," ಎಂದರು ಮೇಷ್ಟ್ರು. ಭರಣಿಯನ್ನು ಸಿಂಕಿನ ಮೇಲೆ ಬಗ್ಗಿಸಿದೆ. ಬಾಗಿಲಲ್ಲಿ ಅಪ್ಪ ನಿಂತಿದ್ದ, ಪಂಪು ಇನ್ನೂ ಕಂಕುಳಲ್ಲೇ. ಭರಣಿಯನ್ನು ನೆಟ್ಟಗೆ ಮಾಡಿದೆ. ಕೊನೆಗೆ ಜೂನಿಯರ್ ಹುಡುಗಿಯೊಬ್ಬಳನ್ನು ಹಿಡಿದು, ಬೆಲ್ಲ ಎಷ್ಟು, ಗಾಳಿ ಹೇಗೆ ಎಂದು ಮೂರು ಮೂರು ಸಲ ಹೇಳಿ ಒಪ್ಪಿಸಿ ಬಂದೆ.

"ಆಕಿ ಚಲೋ ನೋಡ್ಕೊಂತಾಳೇನ?" ಊರಿಗೆ ಮರಳುವ ಬಸ್ಸಿನಲ್ಲಿ ಅಪ್ಪ ಕೇಳಿದ್ದು ಇಷ್ಟೇ.

ಕೊಳೆ ನೀರಿನ ವಿಲೇವಾರಿ ವಿಷಯದಲ್ಲಿ ಆ ವರ್ಷ ಇಡೀ ತರಗತಿಗೆ ನನ್ನದೇ ಹೆಚ್ಚಿನ ಅಂಕ. ಆವತ್ತು ಮಾತ್ರ ಕಿಟಕಿಯತ್ತ ಮುಖ ತಿರುಗಿಸಿ ಕೂತಿದ್ದೆ. ಮೋಟೆಬೆನ್ನೂರು ಬರುವ ಮೊದಲೇ ಅಪ್ಪ ಟವೆಲ್ಲು ಚಾಚಿದ.

"ಕಣ್ಣ ಒರಿಸಿಕೋ. ಮೆಣಸಿನಕಾಯಿ ಘಾಟು ಅಂತ ಸುಳ್ಳ ಹೇಳಾಕ ಇನ್ನೂ ನಮ್ಮೂರು ಬಂದಿಲ್ಲ."