ಸುಂದ್ರವ್ವನ ಉಗಿ ಕಾಫಿ

ಆದ ಅನಾಹುತಕ್ಕೆಲ್ಲ ಕಾರಣ ಒಂದೇ ಒಂದು ಕಪ್ಪು ಹಾಲು. ಇನ್ನೊಂದು ಕಪ್ಪು ಮನೆಯಲ್ಲಿದ್ದಿದ್ದರೆ ಸುಂದ್ರವ್ವ ರಾಯವ್ವನ ಬಾಗಿಲಿಗೆ ಹೋಗುತ್ತಲೇ ಇರಲಿಲ್ಲ.

ಕರ್ನಾಟಕ ಒಂದಾದ ಮರುವರ್ಷದ ಮಾತು. ಹುಕ್ಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಸುಂದ್ರವ್ವನದು ಹಂಗಾಮಿ ನೌಕರಿ. ಅದನ್ನು ಕಾಯಂ ಮಾಡುವುದು ಶಾಲಾ ಸಮಿತಿಯ ಅಧ್ಯಕ್ಷರ ಕೈಯಲ್ಲಿತ್ತು. ಅಧ್ಯಕ್ಷರು ಹೆಂಡತಿ ಪದ್ಮವ್ವನ ಕೈಯಲ್ಲಿದ್ದರು. ಮುಂಬಯಿಯಲ್ಲಿ ಬೆಳೆದ ಪದ್ಮವ್ವ ಒಮ್ಮೆ ಅಲ್ಲಿನ ಹೋಟೆಲಿನ, ಹಾಲಿಗೆ ಉಗಿ ಹಾಯಿಸುವ ಇಟಲಿ ಯಂತ್ರವನ್ನೂ ಅದರ ನೊರೆಗಾಫಿಯನ್ನೂ ನೆನೆದು ನಿಟ್ಟುಸಿರು ಬಿಟ್ಟಳು. "ಅದೇನ ದೊಡ್ಡದಲ್ರಿ ಕಾಕು, ನಾ ಮನ್ಯಾಗ ಮಾಡ್ತೇನಿ" ಎಂದುಬಿಟ್ಟಳು ಸುಂದ್ರವ್ವ. ಬೆಳಗಾವಿಯ ಕಾಲೇಜಿನಲ್ಲಿ ಪ್ರತಿ ಮಾತನ್ನೂ ತೂಗಿ ಆಡುವುದನ್ನು ಕಲಿತವಳು, ಅಂದು ತಕ್ಕಡಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಳು. ರವಿವಾರ ಮಧ್ಯಾಹ್ನ ಬರುವುದಾಗಿ ಪದ್ಮವ್ವ ಹೇಳಿದಳು.

ರವಿವಾರ ಸುಂದ್ರವ್ವ ಕೆಟಲಿಯ ಮೂತಿಗೆ ಕಂಪೌಂಡರನಿಂದ ತಂದ ರಬ್ಬರ್ ಕೊಳವೆ ಸಿಕ್ಕಿಸಿ, ಮುಚ್ಚಳದ ಸುತ್ತ ಕಣಕ ಮೆತ್ತಿ, ಸ್ಟೋವಿನ ಮೇಲಿಟ್ಟಳು. ಉಗಿ ಬಂತು. ಆದರೆ ಹಾಲು ತೀರ ಕಡಿಮೆ. ಕೊಳವೆ ಹಾಲಿನ ಆಳಕ್ಕಿಳಿದರೆ ಅದು ಸೊಕ್ಕಿದ ಹೋರಿಯಂತೆ ಗುಟುರು ಹಾಕುತ್ತಿತ್ತು, ಮೇಲೆತ್ತಿದರೆ ಹಾರುತ್ತಿತ್ತು. ಅರ್ಧ ಹಾಲು ತೊಲೆಗೆ ಹೋಯಿತು, ಉಳಿದರ್ಧ ಅವಳ ಮೂಗಿಗೆ. ಬೆಕ್ಕು ತೊಲೆಯನ್ನೇ ನೋಡುತ್ತ ಆಸೆಯಿಂದ ಕೂತಿತು.

ಮನೆಯೊಡತಿ ರಾಯವ್ವನಲ್ಲಿ ಒಂದಿಷ್ಟು ಹಾಲು ಕೇಳಲು ಹೋದಳು. ಬೆಳಗಿನ ಹಾಲು ಎಲ್ಲಿ ಹೋಯಿತೆಂದು ರಾಯವ್ವ ವಿಚಾರಿಸಿದಳು. ಉಗಿಯಲ್ಲಿ ಕಾಸಿದೆ ಎಂದು ಸುಂದ್ರವ್ವ ನಿಜವನ್ನೇ ಹೇಳಿದಳು.

ಆ ಊರಲ್ಲಿ ಹಾಲನ್ನು ಉಗಿಯಲ್ಲಿಡುವುದು ಒಂದಕ್ಕೇ: ಆಗತಾನೆ ಈದ ಎಮ್ಮೆಯ ಹಾಲಿಗೆ ಬೆಲ್ಲ ಹಾಕಿ ಗಿಣ್ಣ ಮಾಡಲಿಕ್ಕೆ. ಗಿಣ್ಣ ಮಾಡಿದವರು ಓಣಿಗೆ ಹಂಚದೆ ಬಾಯಿಗಿಡುವುದಿಲ್ಲ.

"ಯಾರ ಎಮ್ಮಿ ಈದೈತ್ರಿ ಅಕ್ಕಾರ?" ಹಾಲು ಸುರಿಯುತ್ತ ರಾಯವ್ವ ಕೇಳಿದಳು.

"ಯಾರದೂ ಇಲ್ರಿ. ಕಾಫಿ ಮಾಡಾಕತ್ತೇನಿ."

"ಹೇಳಾಕ ಮನಸಿಲ್ಲಂದ್ರ ಬಿಡ್ರಿ. ಕಾಫಿಗೆ ಯಾರರ ಹಾಲ ಉಗಿಯಾಗ ಇಡ್ತಾರ?"

ಎರಡನೆಯ ಸಲದ ಹಾಲು ನೊರೆಯೇಳುವಷ್ಟರಲ್ಲಿ ರಾಯವ್ವನ ಹಿಂದೆ ಓಣಿಯ ಬಾಳವ್ವ, ಯಲ್ಲಕ್ಕ ಬಟ್ಟಲು ಹಿಡಿದು ಬಂದು ಅಡಿಗೆಮನೆಯಲ್ಲೇ ಕೂತರು. ಬಾಗಿಲು ಮುಂದೆ ಮಾಡಿಕೊಂಡು ಗಿಣ್ಣ ತಿನ್ನುವುದನ್ನೂ ಕಾಲೇಜಿನಲ್ಲಿ ಕಲಿಸುತ್ತಾರೇನೋ ಎಂದು ಯಲ್ಲಕ್ಕ ಗೋಡೆಯನ್ನು ಕೇಳಿದಳು. ಸುಂದ್ರವ್ವ ಇಟಲಿಯಿಂದ ಶುರು ಮಾಡಿ ವಿವರಿಸತೊಡಗಿದಳು. ಅವಳ ಮಾತಿನ್ನೂ ಮುಂಬಯಿಗೆ ಬಂದಿರಲಿಲ್ಲ, ಅಷ್ಟರಲ್ಲಿ ಬಾಳವ್ವ ಪಾತ್ರೆಯೊಳಗೆ ಇಣುಕಿದಳು.

"ಬೆಲ್ಲಾನ ಹಾಕಿಲ್ಲಲ್ಲ. ಗಂಡನ ಮನಿ ಕಂಡಾಕಿ ಅಲ್ಲ, ಪಾಪ, ಹೆಂಗ ಗೊತ್ತಾಗಬೇಕ" ಎಂದು ಸೆರಗಿನ ಗಂಟು ಬಿಚ್ಚಿ ಬೆಲ್ಲದ ಹೆಂಟೆಯನ್ನು ಹಾಕಿಯೇ ಬಿಟ್ಟಳು.

ಕುದಿಹಾಲು ಒಡೆದು ಗಟ್ಟಿಗಟ್ಟಿಯಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಪದ್ಮವ್ವ ನಿಂತಿದ್ದಳು.

ರಾಯವ್ವ ಅದನ್ನೇ ಬಟ್ಟಲಿಗೆ ಬಡಿಸಿ ಕೊಟ್ಟಳು. ಪದ್ಮವ್ವ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅವಳ ಜೊತೆ ತನ್ನ ನೌಕರಿಯೂ ಕಣ್ಣು ಮುಚ್ಚಿತೆಂದುಕೊಂಡಳು ಸುಂದ್ರವ್ವ.

"ಇದ ಗಿಣ್ಣ ಏನ್ರಿ? ಮುಂಬಯಿಯಾಗ ಬರೇ ಹೆಸರ ಕೇಳಿದ್ದೆ" ಎಂದು ಪದ್ಮವ್ವ ಬಟ್ಟಲು ಬಳಿದಳು.

ಅದು ಬರಿಯ ಒಡೆದ ಹಾಲೆಂದು ಮೂವರು ನೆರೆಯವರಿಗೂ ಈಗ ಗೊತ್ತಾಗಿತ್ತು. ಆದರೆ ಪ್ರಶ್ನೆ ಓಣಿಯ ಮಾನದ್ದು. ಅಕ್ಕಾರ ಕೈಗುಣವೇ ಹಾಗೆ ಎಂದಳು ರಾಯವ್ವ. ನಸುಕಿನಲ್ಲೆದ್ದು ಅಂಗಳ ಸಾರಿಸುತ್ತಾರೆಂದಳು ಯಲ್ಲಕ್ಕ. ಎಂಥ ಒದೆಯುವ ಎಮ್ಮೆಯೂ ಇವರ ಕೈಗೆ ಹಾಲು ಕೊಡುತ್ತದೆಂದು ಬಾಳವ್ವ ಆಣೆಯನ್ನೂ ಇಟ್ಟಳು. ಎಮ್ಮೆ ಕಂಡರೆ ರಸ್ತೆ ದಾಟುವ ಸುಂದ್ರವ್ವ ನೌಕರಿಯ ಆಸೆಗೆ ತಲೆಯಾಡಿಸಿದಳು.

ಪದ್ಮವ್ವ ಅವಳ ಕೈ ಹಿಡಿದುಕೊಂಡಳು.

"ಕಣಗಲಾ ಊರಾಗ ನಮ್ಮ ಮೈದುನ ಅದಾನ, ಇನ್ನೂ ಲಗ್ನ ಆಗಿಲ್ಲ. ಕೊಟಿಗ್ಯಾಗ ಎಂಟ ಎಮ್ಮಿ, ಒಂದಿಲ್ಲೊಂದ ಈತಿರತೈತಿ, ಗಿಣ್ಣ ಮಾಡಾಕ ಮನ್ಯಾಗ ಹೆಣ್ಣ ದಿಕ್ಕಿಲ್ಲ. ನೀನೂ ನಮ್ಮ ಮಂದೀನ. ಇಂಥಾ ಹುಡಿಗೀನ ಹುಡಕಾಕತ್ತಿದ್ವಿ ನೋಡವಾ."

ಸುಂದ್ರವ್ವ ನೌಕರಿಯ ಮಾತೆತ್ತಿದಳು.

"ಅದರ ಚಿಂತಿ ಬಿಡ. ನಮ್ಮ ಮನಿ ಸೊಸಿ ಸಾಲಿಗ್ಯಾಕ ಹೋಗ್ತಾಳ? ನಾಳೆನ ಆ ಜಾಗಾ ಬ್ಯಾರೆದಾಕಿಗೆ ಕಾಯಂ ಮಾಡಸ್ತೇನಿ."

ಬೇಡವೆಂಬುದನ್ನು ಮರ್ಯಾದೆಯಾಗಿ ಹೇಗೆ ಹೇಳುವುದೆಂದು ಸುಂದ್ರವ್ವ ಯೋಚಿಸಿ ಬಾಯಿ ತೆರೆದಳು. ತೆರೆದ ಬಾಯಿಗೆ ರಾಯವ್ವ ಹಿಡಿ ಸಕ್ಕರೆ ಸುರಿದಳು. ಅದು ಕರಗುವಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು.