ಸಾರಕ್ಕಿ ಸಿಗ್ನಲ್‌ನಲ್ಲಿ ಕಳೆದುಹೋದ ಮುಖ

ನೂರಕ್ಕೆ ನೂರು! ಬಿಸಿಎ ಮೂರನೇ ಸೆಮಿಸ್ಟರ್ ಶುರುವಾದ ದಿನ ಉಪ್ಪಿಟ್ಟಿನ ತಟ್ಟೆಯ ಮುಂದೆ ಕುಳಿತು ಶಿವಕಿರಣ್ ಮನೆಮಂದಿಗೆಲ್ಲ ಕೇಳುವಂತೆ ಘೋಷಿಸಿದ್ದು ಇದನ್ನೇ. ಈ ಸಲ ಒಂದೇ ಒಂದು ಕ್ಲಾಸೂ ತಪ್ಪಿಸುವುದಿಲ್ಲ, ಹಾಜರಿ ನೂರಕ್ಕೆ ನೂರು! ಮನೆಮಂದಿಯೆಲ್ಲ ಅಂದರೆ ಇಬ್ಬರೇ. ಒಬ್ಬರು ಅಮ್ಮ ಉಮಾಮಹೇಶ್ವರಿ. ಇನ್ನೊಬ್ಬರು ಹದಿನಾರು ವರ್ಷದ ಕೆಳಗೆ ಗದಗದಿಂದ ಕುಮಾರಸ್ವಾಮಿ ಲೇಔಟ್‌ಗೆ ಬಂದು, ಬೆಂಗಳೂರಿನ ನೀರು ಕುಡಿದರೂ ಗದಗದ ಮಾತು ಬಿಡದ ಅಜ್ಜಿ ಶಂಕ್ರವ್ವ. ಹಿಂದಿನ ಸೆಮಿಸ್ಟರಿನಲ್ಲಿ ಈ ಮಹಾಶಯನ ಹಾಜರಿ ನೂರಕ್ಕೆ ಎಪ್ಪತ್ತೈದರ ಗೆರೆಯನ್ನು ಹೇಗೋ ತೆವಳಿಕೊಂಡು ದಾಟಿತ್ತು. ಅದಕ್ಕಿಂತ ಒಂದು ಕಡಿಮೆಯಾಗಿದ್ದರೂ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಆದ್ದರಿಂದ ಅಮ್ಮ ಈ ಘೋಷಣೆಗೆ ಚಪ್ಪಾಳೆಯನ್ನೇನೂ ತಟ್ಟದೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದರು.

"ಈ ಸಲ ರಿಜಿಸ್ಟರ್ ಗಿಜಿಸ್ಟರ್ ಇಲ್ಲಮ್ಮ, ಎಲ್ಲಾ ಆ್ಯಪ್. ನನ್ನ ಮುಖಾನೇ ನನ್ನ ಅಟೆಂಡೆನ್ಸ್," ಎಂದ ಮಗ.

ವಿಷಯ ಇಷ್ಟೇ. ಜಯನಗರದ ಅವನ ಕಾಲೇಜು ಹೊಸದೊಂದು ಆ್ಯಪ್ ತರಿಸಿತ್ತು. ಮನೆಯಲ್ಲಿ ಒಂದೇ ಒಂದು ಸಲ ಮುಖ ತೋರಿಸಿ ನೋಂದಾಯಿಸಿಕೊಳ್ಳಬೇಕು. ಆಮೇಲೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಕ್ಲಾಸಿನೊಳಗೇ ಕುಳಿತು, ಹತ್ತು ನಿಮಿಷದೊಳಗೆ ಮೊಬೈಲಿಗೆ ಮುಖ ಹಿಡಿದರೆ ಹಾಜರಿ. ಮುಖ ತಾಳೆಯಾಗದಿದ್ದರೆ ಗೈರು, ಮತ್ತು ಹನ್ನೊಂದು ಗಂಟೆಗೆ ಸರಿಯಾಗಿ ಮನೆಯವರಿಗೆ ಮೆಸೇಜ್. ನೋಂದಣಿಗೆ ಅವತ್ತೇ ಕೊನೆಯ ದಿನ. ಕೊನೆಯ ದಿನದ ಕೊನೆಯ ಗಳಿಗೆಯವರೆಗೆ ಕಾಯದಿದ್ದರೆ ಅವನು ವಿದ್ಯಾರ್ಥಿಯೇ ಅಲ್ಲವಲ್ಲ! ಕೈ ತೊಳೆದವನೇ ಮೊಬೈಲ್ ಎತ್ತಿ ಹಿಡಿದ.

ಅವತ್ತು ಶ್ರಾವಣದ ಮೊದಲ ಸೋಮವಾರ. ಅಜ್ಜಿಯ ಪೂಜೆ ಆಗಷ್ಟೇ ಮುಗಿದಿತ್ತು. ಪೂಜೆ ಮುಗಿದರೆ ಮೊಮ್ಮಗನ ಹಣೆಗೆ ವಿಭೂತಿ; ಅದು ಅವನು ನರ್ಸರಿಗೆ ಹೋಗುತ್ತಿದ್ದಾಗಿನಿಂದ ತಪ್ಪದ ಕ್ರಮ. ಅಜ್ಜಿ ಅದನ್ನು ಈಬತ್ತಿ ಅನ್ನುತ್ತಿದ್ದರು. ಗಟ್ಟಿಯನ್ನು ನೀರಿನಲ್ಲಿ ತೇಯ್ದು, ನಡುವಿನ ಮೂರು ಬೆರಳು ಅದ್ದಿ, ಒಂದೇ ಎಳೆತಕ್ಕೆ ಆ ಕಿವಿಯಿಂದ ಈ ಕಿವಿಯವರೆಗೆ ಮೂರು ಗೆರೆ. ಅಬ್ಬಾ, ಆ ಕೈಯನ್ನು ನೋಡಬೇಕು! ಎಪ್ಪತ್ತೆಂಟರ ವಯಸ್ಸಿನಲ್ಲೂ ಒಂದು ಗೆರೆ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಅಲ್ಲಾಡಬ್ಯಾಡ ಎಂದು ಗದರಿಸಿ ಅಜ್ಜಿ ಹಚ್ಚುವುದಕ್ಕೂ ಇವನು ಕ್ಯಾಮೆರಾ ಒತ್ತುವುದಕ್ಕೂ ಸರಿಹೋಯಿತು. ಮುಖ ನೋಂದಣಿಯಾಗಿದೆ ಎಂದು ಮೊಬೈಲು ಉಲಿಯಿತು. ಸೋಮವಾರ ಅಮ್ಮ ಕೆಲಸ ಮಾಡುವ ಕ್ಲಿನಿಕ್ ಬೇಗ ತೆರೆಯುತ್ತದಾದ್ದರಿಂದ ಇಬ್ಬರೂ ಒಂದೇ ಆಟೋ ಹಿಡಿದರು. ಶಿವಕಿರಣ್ ಕಾಲೇಜಿನ ಗೇಟಿನ ಮುಂದೆ ಇಳಿದು, ಓಡಿ, ಏದುಸಿರು ಬಿಡುತ್ತ ಮುಖ ಹಿಡಿದ. ಹಾಜರಿ ದಾಖಲಾಗಿದೆ, ಸ್ವಾಗತ, ಶಿವಕಿರಣ್! ಅವನು ಪಕ್ಕದಲ್ಲಿದ್ದ ಗೆಳೆಯ ಮಯೂರನ ಕಡೆಗೆ ತಿರುಗಿ ಕಾಲರ್ ಎತ್ತಿಕೊಂಡ.

ಈಗ ಒಂದು ಗುಟ್ಟು ಹೇಳಬೇಕು. ಮಂಗಳವಾರದಿಂದ ಶನಿವಾರದವರೆಗೆ ನಮ್ಮ ಶಿವಕಿರಣ್ ಒಬ್ಬನೇ ಬಸ್ಸಿನಲ್ಲಿ ಹೋಗುತ್ತಿದ್ದ. ಸಾರಕ್ಕಿ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿತ್ತೆಂದರೆ ಒಂದು ನಿದ್ದೆ ತೆಗೆಯಬಹುದು. ಆ ಹೊತ್ತಿನಲ್ಲಿ ಅವನು ಜೇಬಿನಿಂದ ಕರ್ಚೀಫ್ ತೆಗೆದು, ಬೆವರು ಒರೆಸುವವನಂತೆ ಅತ್ತಿತ್ತ ನೋಡಿ, ಅಜ್ಜಿಯ ಮೂರು ಗೆರೆಗಳನ್ನು ಒಂದೇ ಸಲಕ್ಕೆ ಅಳಿಸಿಬಿಡುತ್ತಿದ್ದ. ಸೋಮವಾರ ಮಾತ್ರ ಆಟೋದಲ್ಲಿ ಪಕ್ಕದಲ್ಲೇ ಅಮ್ಮ, ಇಳಿದ ಮೇಲೆ ಓಟ; ಹಾಜರಿ ಮುಗಿಯುವವರೆಗೆ ಒರೆಸಲು ಬಿಡುವಿಲ್ಲ. ದೇವರ ಮೇಲೆ ಕೋಪವೇನೂ ಇರಲಿಲ್ಲ ಪಾಪ. ಮೊದಲ ವರ್ಷದಲ್ಲಿ ಮಯೂರ್ ಒಂದು ಸಲ ‘ಬನ್ನಿ ಸ್ವಾಮಿಗಳೇ’ ಎಂದು ಕೈ ಮುಗಿದು ಇಡೀ ಕ್ಲಾಸನ್ನು ನಗಿಸಿದ್ದ, ಅಷ್ಟೇ ಕಾರಣ. ಅಜ್ಜಿಗೆ ಬೇಡ ಎನ್ನಲು ಧೈರ್ಯವಿಲ್ಲ, ಕ್ಲಾಸಿಗೆ ಹಚ್ಚಿಕೊಂಡು ಹೋಗಲು ಧೈರ್ಯವಿಲ್ಲ. ಎರಡು ಕಡೆಯ ಹೇಡಿತನವನ್ನೂ ಸಾರಕ್ಕಿ ಸಿಗ್ನಲ್ ನಿಭಾಯಿಸುತ್ತಿತ್ತು.

ಮಂಗಳವಾರ ಒಂಬತ್ತಕ್ಕೆ ಮುಖ ಹಿಡಿದ. ಮುಖ ಹೊಂದಿಕೆಯಾಗುತ್ತಿಲ್ಲ ಎಂದಿತು ಆ್ಯಪ್. ಕಿಟಕಿಯ ಹತ್ತಿರ ಹೋಗಿ ಹಿಡಿದ, ಹೊಂದಿಕೆಯಾಗುತ್ತಿಲ್ಲ. ಕನ್ನಡಕ ತೆಗೆದು ಹಿಡಿದ, ಹಾಕಿ ಹಿಡಿದ, ನಕ್ಕು ಹಿಡಿದ, ಅತ್ತೇ ಬಿಡುವವನಂತೆ ಹಿಡಿದ. ಹತ್ತು ನಿಮಿಷ ಮುಗಿಯಿತು. ಮೇಷ್ಟರ ಕಣ್ಣೆದುರಿಗೇ ಕುಳಿತಿದ್ದರೂ ಅವನು ಗೈರು! ಮೇಷ್ಟರಿಗೆ ಹೇಳಿದರೆ ತಮ್ಮ ಕೈಯಲ್ಲಿ ಏನೂ ಇಲ್ಲ, ಕಂಪನಿಗೆ ದೂರು ಕಳಿಸು ಎಂದರು. ದೂರು ಕಳಿಸಿದ. ದಯವಿಟ್ಟು ಬೆಳಕಿನಲ್ಲಿ ನಿಂತು ಮರುಪ್ರಯತ್ನಿಸಿ ಎಂಬ ಉತ್ತರ ನಾಲ್ಕು ಸಲ ಬಂತು.

ಮುಂದಿನ ಸೋಮವಾರ ಅಮ್ಮನ ಜೊತೆ ಆಟೋದಲ್ಲಿ ಬಂದ, ಓಡಿದ, ಮುಖ ಹಿಡಿದ. ಸ್ವಾಗತ, ಶಿವಕಿರಣ್! ಮಂಗಳವಾರ ಮತ್ತೆ ಅದೇ ಹಾಡು. ಹಾಗಾದರೆ ಇದರಲ್ಲೊಂದು ವಿಜ್ಞಾನವಿದೆ ಎಂದುಕೊಂಡ ಶಿವಕಿರಣ್, ಕಂಪ್ಯೂಟರ್ ವಿದ್ಯಾರ್ಥಿಗೆ ತಕ್ಕಂತೆ ಎಕ್ಸೆಲ್ ಹಾಳೆ ತೆರೆದ. ಶರ್ಟಿನ ಬಣ್ಣ, ಕೂತ ಬೆಂಚು, ಮೋಡ ಬಿಸಿಲು, ತಿಂದ ತಿಂಡಿ ಎಲ್ಲವನ್ನೂ ತುಂಬಿದ. ಸೋಮವಾರ ಓಡಿ ಬಂದು ಮುಖ ಕೆಂಪಾಗುವುದೇ ಕಾರಣ ಎಂದು ಮಯೂರ್ ಸಂಶೋಧಿಸಿದ. ಸರಿ, ಬುಧವಾರ ಕಾಲೇಜಿನ ಸುತ್ತ ಎರಡು ಸುತ್ತು ಓಡಿ, ನಾಲಿಗೆ ಹೊರಗೆ ಹಾಕಿಕೊಂಡು ಬಂದು ಮುಖ ಹಿಡಿದರೆ ಆ್ಯಪ್ ಕ್ಯಾರೇ ಅನ್ನಲಿಲ್ಲ. ಗುರುವಾರ ಸೋಮವಾರದ ಶರ್ಟನ್ನೇ ತೊಟ್ಟು ಬಂದ. ಶುಕ್ರವಾರ ಗಡ್ಡ ಬೋಳಿಸಿ ಬಂದ. ಆ ಎಕ್ಸೆಲ್ ಹಾಳೆಯಲ್ಲಿ ಹಣೆ ಎಂಬ ಒಂದು ಕಾಲಂ ಮಾತ್ರ ಇರಲಿಲ್ಲ.

ಕಳೆದ ವರ್ಷದಿಂದಲೇ ಇನ್ನೊಂದು ವಿಚಿತ್ರವೂ ನಡೆಯುತ್ತಿತ್ತು. ಅಜ್ಜಿ ಹಚ್ಚುವ ವಿಭೂತಿ ದಿನದಿಂದ ದಿನಕ್ಕೆ ದಪ್ಪವಾಗುತ್ತಿತ್ತು. ಮೊದಲು ಒಂದು ಒರೆಸಿಗೆ ಹೋಗುತ್ತಿದ್ದದ್ದು ಈಗ ಮೂರು ಒರೆಸಿಗೂ ಜಗ್ಗುತ್ತಿರಲಿಲ್ಲ. ವಯಸ್ಸಾಯಿತು, ಕೈಗೆ ಅಂದಾಜು ತಪ್ಪಿದೆ ಎಂದುಕೊಂಡ ಈ ಜಾಣ.

ಅತ್ತ ಅಮ್ಮನ ಮೊಬೈಲಿಗೆ ವಾರಕ್ಕೆ ಐದು ದಿನ ಹನ್ನೊಂದು ಗಂಟೆಗೆ ‘ನಿಮ್ಮ ಮಗ ಇಂದು ಗೈರು’ ಎಂದು ಬರುತ್ತಿತ್ತು. ಮೊದಲ ವಾರ ಅಮ್ಮ ಬೈದರು. ಎರಡನೇ ವಾರ ಯಾವ ಸಿನಿಮಾ ನೋಡಿ ಬಂದೆ ಎಂದು ಕೇಳಿದರು. ಮೂರನೇ ವಾರದಿಂದ ಮಾತೇ ನಿಲ್ಲಿಸಿ ಬರೀ ಬಡಿಸಿದರು. ಕ್ಲಾಸಿನಲ್ಲೇ ಇರ್ತೀನಮ್ಮ ಎಂದು ನೋಟ್ಸ್ ತೋರಿಸಿದರೆ, ಯಾರದು ಕಾಪಿ ಮಾಡಿದೆ ಎಂಬಂತೆ ನೋಡಿದರು. ಪರೀಕ್ಷೆ ಹೋದರೆ ಹೋಗಲಿ, ಇನ್ನೊಂದು ಸಲ ಬರೆಯಬಹುದು. ಜೀವನದಲ್ಲಿ ಮೊದಲ ಸಲ ಒಂದೂ ಕ್ಲಾಸ್ ತಪ್ಪಿಸದೆ ಕುಳಿತಾಗಲೇ ಅಮ್ಮ ಅವನನ್ನು ಸುಳ್ಳ ಎಂದುಕೊಂಡರಲ್ಲ, ಅದು ಅವನಿಗೆ ಊಟ ಸೇರದಷ್ಟು ನೋವಾಯಿತು.

ನಾಲ್ಕನೇ ವಾರ ಕಾಲೇಜಿನಿಂದ ಕರೆ ಬಂತು. ಹಾಜರಿ ತೀರಾ ಕಡಿಮೆ, ಪೋಷಕರು ಶನಿವಾರ ಹನ್ನೊಂದಕ್ಕೆ ವಿಭಾಗದ ಮುಖ್ಯಸ್ಥೆ ಶ್ರೀದೇವಿ ಮೇಡಂ ಅವರನ್ನು ಕಾಣಬೇಕು. ಮಾಸ್ತರು ಕರೆದರೆ ಮನೆಯ ಹಿರಿಯರು ಹೋಗಬೇಕು ಎಂದು ಅಜ್ಜಿಯೂ ಸೀರೆ ಉಟ್ಟು ಹೊರಟರು. ಶಿವಕಿರಣ್ ಎಂದಿನಂತೆ ಬೆಳಿಗ್ಗೆಯೇ ಬಸ್ಸಿನಲ್ಲಿ ಹೋಗಿದ್ದ; ಎಂದಿನಂತೆ ಸಾರಕ್ಕಿಯಲ್ಲಿ ಕರ್ಚೀಫ್ ಕೆಲಸ ಮುಗಿಸಿದ್ದ. ಮುಖ್ಯಸ್ಥೆಯ ಕೋಣೆಯಲ್ಲಿ ಅಜ್ಜಿ ಅವನನ್ನು ಒಮ್ಮೆ ನೋಡಿದರು. ಕುರ್ಚಿ ಎಳೆದು ಕುಳಿತರು.

ಶ್ರೀದೇವಿ ಮೇಡಂ ಕೆಟ್ಟವರಲ್ಲ. ಆದರೆ ಅವರು ಐದನೇ ಸೆಮಿಸ್ಟರಿಗೆ ಪಾಠ ಮಾಡುವವರು, ಈ ಹುಡುಗನನ್ನು ಕಂಡಿದ್ದೇ ಅವತ್ತು; ಅವತ್ತೂ ಅವನು ಅಮ್ಮನ ಬೆನ್ನ ಹಿಂದೆ ಅಡಗಿ ನಿಂತಿದ್ದ. ಸೋಮವಾರ ಮಾತ್ರ ಬಂದು ಉಳಿದ ದಿನ ನಾಪತ್ತೆಯಾಗುವ ವಿದ್ಯಾರ್ಥಿಯನ್ನು ತಾವು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ ಎಂದರು. ಅಮ್ಮ ತಲೆ ತಗ್ಗಿಸಿದರು. ಯಂತ್ರ ಸುಳ್ಳು ಹೇಳೋದಿಲ್ಲ ನೋಡಿ ಎಂದು ಮೇಡಂ ಕಂಪ್ಯೂಟರನ್ನು ಇವರ ಕಡೆಗೆ ತಿರುಗಿಸಿ, ನೋಂದಾಯಿಸಿದ್ದ ಫೋಟೋ ತೆರೆದರು.

ಪರದೆಯ ತುಂಬ ಬೆಳ್ಳಗೆ ಮೂರು ಗೆರೆ! ಗೆರೆಗಳ ಕೆಳಗೆ ಅರ್ಧ ಮುಚ್ಚಿದ ಎರಡು ಕಣ್ಣು, ಅದರ ಕೆಳಗೆ ಉಪ್ಪಿಟ್ಟು ಅಂಟಿದ ಬಾಯಿ. ಮೂಲೆಯಲ್ಲಿ, ಕೆಲಸ ಮುಗಿಸಿ ಹಿಂದೆ ಸರಿಯುತ್ತಿದ್ದ ಅಜ್ಜಿಯ ಮೂರು ಬೆರಳುಗಳೂ ಇದ್ದವು. ಶಿವಕಿರಣನಿಗೆ ಕ್ಷಣದಲ್ಲಿ ಎಲ್ಲವೂ ಹೊಳೆಯಿತು, ಹೊಳೆದದ್ದೇ ಕಿವಿ ಬಿಸಿಯಾಯಿತು. ಬಾಯಿ ಬಿಟ್ಟರೆ ಅಮ್ಮನ ಮುಂದೆ ನಿರಪರಾಧಿ, ಅಜ್ಜಿಯ ಮುಂದೆ ಅಪರಾಧಿ. ಅವನು ಬಾಯಿ ಬಿಡಲಿಲ್ಲ.

ಬಿಟ್ಟವರು ಅಜ್ಜಿ. ಎಬಿಸಿಡಿ ಬಾರದ, ಮೊಬೈಲಿನಲ್ಲಿ ಹಸಿರು ಗುಂಡಿ ಬಿಟ್ಟು ಇನ್ನೊಂದನ್ನು ಒತ್ತದ ಶಂಕ್ರವ್ವ, ಕಂಪನಿಯ ಇಂಜಿನಿಯರುಗಳಿಗೆ ಒಂದು ತಿಂಗಳು ಸಿಕ್ಕದ ದೋಷವನ್ನು ಕುರ್ಚಿಯಿಂದ ಏಳದೆಯೇ ಕಂಡುಹಿಡಿದರು.

"ಹಣಿ ಖಾಲಿ ಐತಲ್ರೀ ಬಾಯಾರ. ಅದಕ್ಕ ನಿಮ್ಮ ಯಂತ್ರಕ್ಕ ನಮ್ಮ ಹುಡುಗನ ಗುರ್ತು ಹತ್ತವಲ್ದು," ಎಂದರು.

ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿಯ ಚೂರು ಹೊರಬಂತು. ಮೇಡಂ ಅವರ ಬಾಟಲಿಯ ನೀರು ಅಂಗೈಗೆ ಬಿತ್ತು. ಮೂರು ಬೆರಳು, ಒಂದೇ ಎಳೆತ. ಮೇಡಂ ಪ್ರಯೋಗಕ್ಕೆಂದು ಆ್ಯಪ್ ತೆರೆದಿಟ್ಟಿದ್ದ ಮೊಬೈಲನ್ನು ಅವನ ಮುಂದೆ ಹಿಡಿದರು. ಹಾಜರಿ ದಾಖಲಾಗಿದೆ, ಸ್ವಾಗತ, ಶಿವಕಿರಣ್! ಅಮ್ಮ ಮಗನ ತೋಳು ಹಿಡಿದುಕೊಂಡರು. ಹಿಡಿದ ಮೇಲೆ ಅವರಿಗೆ ಸಹಜವಾಗಿಯೇ ಒಂದು ಅನುಮಾನ ಬಂತು.

"ಅತ್ತೆ ದಿನಾ ಹಚ್ಚಿ ಕಳಿಸ್ತಾರಲ್ಲೋ. ಇಲ್ಲಿಗೆ ಬರೋಷ್ಟರಲ್ಲಿ ಎಲ್ಲಿ ಹೋಗುತ್ತೆ ಅದು?"

"ಸಾರಕ್ಕಿ ಸಿಗ್ನಲ್ ಹತ್ರ... ಒರೆಸ್ಕೋತೀನಿ," ಎಂದ ಶಿವಕಿರಣ್, ನೆಲಕ್ಕೆ. ಅಜ್ಜಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

"ನನಗ ಮೊದಲನೇ ದಿನಾನ ಗೊತ್ತೈತಿ. ಕರ್ಚೀಫ್ ಒಗ್ಯಾಕಿ ನಾನ ಅಲ್ಲೇನು," ಎಂದರು ಅಜ್ಜಿ. "ಅದಕ್ಕ ದಿನಾ ಒಂದೀಟು ದಪ್ಪ ಹಚ್ಚತಿದ್ದೆ. ಒರೆಸಿದ ಮ್ಯಾಲೂ ಸ್ವಲ್ಪರ ಉಳೀಲಿ ಅಂತ."

ನೋಡಿ, ಒಂದು ವರ್ಷದಿಂದ ಎಲ್ಲ ಗೊತ್ತಿದ್ದೂ ಒಂದು ಮಾತು ಆಡದೆ, ದಿನಾ ಬೆಳಿಗ್ಗೆ ಹಚ್ಚಿ ದಿನಾ ಸಂಜೆ ಆ ಕರ್ಚೀಫ್ ಒಗೆದು ಮಡಿಚಿಟ್ಟ ಹೆಂಗಸು ಅದು. ಇಂಥವರ ಮುಂದೆ ನಾವೂ ನೀವೂ ಯಾವ ಲೆಕ್ಕ! ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸೋಮವಾರ ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು, ಮೇಡಂಗೂ ತಲೆಬಿಸಿ ಇತ್ತು. ನನಗೂ ಒಂಚೂರು ಹಚ್ಚಿ ಅಜ್ಜಿ ಎಂದು ಹಣೆಯೊಡ್ಡಿದರು. ಒಂಚೂರು ಎಂಬುದು ಅಜ್ಜಿಯ ಬೆರಳಿಗೆ ಗೊತ್ತಿಲ್ಲದ ಅಳತೆ. ಕಿವಿಯಿಂದ ಕಿವಿಗೆ ಮೂರು ಗೆರೆ ಎಳೆದರು. ಮೇಡಂ ತೃಪ್ತಿಯಿಂದ ಮೇಜಿನ ಮೇಲಿದ್ದ ಮೊಬೈಲಿನತ್ತ ಬಗ್ಗಿದರು.

ಹಾಜರಿ ದಾಖಲಾಗಿದೆ, ಸ್ವಾಗತ, ಶಿವಕಿರಣ್!

ಮೇಡಂ ಇನ್ನೊಂದು ಸಲ ಬಗ್ಗಿದರು. ಆ್ಯಪ್ ಇನ್ನೊಂದು ಸಲ ಅವರನ್ನು ಶಿವಕಿರಣ್ ಎಂದೇ ಆದರದಿಂದ ಬರಮಾಡಿಕೊಂಡಿತು. ತಿಂಗಳಿಡೀ ಅದು ಗುರುತು ಹಿಡಿದದ್ದು ಹುಡುಗನ ಮುಖವನ್ನಲ್ಲ, ಶಂಕ್ರವ್ವನ ಕೈಬರಹವನ್ನು! ಮೇಡಂ ಬೀರು ತೆರೆದು, ದೂಳು ಹಿಡಿದಿದ್ದ ಹಳೆಯ ಹಾಜರಿ ರಿಜಿಸ್ಟರನ್ನು ಹೊರಗೆ ತೆಗೆದರು. ಕ್ಲಾಸಿನವರನ್ನು ವಿಚಾರಿಸಿ ಶಿವಕಿರಣನ ತಿಂಗಳ ಹಾಜರಿಯನ್ನು ಸರಿಮಾಡಿಸಿದರು. ಸೋಮವಾರದಿಂದ ಮೂರನೇ ಸೆಮಿಸ್ಟರಿನ ಮೊದಲ ಪೀರಿಯಡ್‌ಗೆ ತಾವೇ ಬಂದು ಹೆಸರು ಕೂಗುವುದಾಗಿ ಹೇಳಿದರು.

ಸೋಮವಾರ ಬೆಳಿಗ್ಗೆ ಶಿವಕಿರಣ್ ಅಜ್ಜಿಯ ಮುಂದೆ ಹೋಗಿ ನಿಂತ. ಅಜ್ಜಿ ಬೆರಳು ಅದ್ದಲಿಲ್ಲ.

"ಬ್ಯಾಡ ಬಿಡು ತಮ್ಮಾ. ಈಗ ನೀ ದೊಡ್ಡಾಂವ ಆದಿ. ನಿನ್ನ ಮುಖಾ ತಗೊಂಡು ನೀನ ಹೋಗು."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಅವತ್ತು ಅಮ್ಮನ ಆಟೋ ಬೇಡವೆಂದು ಬಸ್ಸಿನಲ್ಲೇ ಹೋದ. ಸಾರಕ್ಕಿ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿದ್ದಾಗ ಕೈ ತಾನಾಗಿ ಜೇಬಿಗೆ ಹೋಯಿತು, ಕರ್ಚೀಫ್ ಹಣೆಯವರೆಗೆ ಬಂತು. ಒರೆಸಲು ಏನೂ ಇರಲಿಲ್ಲ. ಬಟಾಬಯಲಾದ ಹಣೆ ಮುಟ್ಟಿಕೊಂಡು ಕುಳಿತವನಿಗೆ ಯಾಕೋ ಸಂಕಟವಾಯಿತು.

ಕ್ಲಾಸಿನಲ್ಲಿ ಶ್ರೀದೇವಿ ಮೇಡಂ ರಿಜಿಸ್ಟರ್ ತೆರೆದು ಹೆಸರು ಕೂಗಿದರು. ಶಿವಕಿರಣ್ ಎದ್ದು ನಿಂತು ಯೆಸ್ ಮೇಡಂ ಎಂದ. ಮೇಡಂ ತಲೆಯೆತ್ತಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಯಾರಪ್ಪ ನೀನು? ಶಿವಕಿರಣ್ ಎಲ್ಲಿ?"

"ನಾನೇ ಮೇಡಂ."

"ಅವನನ್ನ ಶನಿವಾರ ತಾನೇ ನೋಡಿದ್ದೀನಿ ಕಣಪ್ಪಾ. ನನ್ನ ಹತ್ರಾನೇ ಪ್ರಾಕ್ಸಿ ಕೊಡ್ತೀಯಾ?"

ಮಯೂರ್ ಬೆಂಚಿನ ಕೆಳಗೆ ಬಗ್ಗಿ ನಗುತ್ತಿದ್ದ, ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಮೇಡಂ ಕೆಂಪು ಶಾಯಿಯಲ್ಲಿ ಒಂದು ಗೀಟು ಎಳೆದರು. ಹನ್ನೊಂದು ಗಂಟೆಗೆ ಅಮ್ಮನ ಮೊಬೈಲಿಗೆ ಕಾಲೇಜು ಆಫೀಸಿನಿಂದ ಎಂದಿನ ಮೆಸೇಜ್ ಹೋಯಿತು.

ಮಂಗಳವಾರ ಬೆಳಿಗ್ಗೆ ಅಜ್ಜಿಯ ಪೂಜೆ ಮುಗಿಯುವ ಮೊದಲೇ ಅವನು ದೇವರ ಕೋಣೆಯ ಬಾಗಿಲಲ್ಲಿ ಕಣ್ಣು ಮುಚ್ಚಿ, ಹಣೆ ಮುಂದೆ ಮಾಡಿ ಕುಳಿತಿದ್ದ. ನಿನ್ನೆ ಯಂತ್ರಕ್ಕಲ್ಲ, ಮನುಷ್ಯರಿಗೇ ಗುರುತು ಸಿಗಲಿಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಹಚ್ಚು ಅಜ್ಜಿ, ಇನ್ನು ಒರೆಸುವುದಿಲ್ಲ ಎಂದ. ಅಡುಗೆಮನೆಯಲ್ಲಿ ಅಮ್ಮ ಸೌಟು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು.

ಶಂಕ್ರವ್ವ ಮೂರು ಬೆರಳನ್ನು ನೀರಿಗೆ ಅದ್ದಿದರು. ಹಣೆಯ ಹತ್ತಿರ ತಂದವರು ಅಲ್ಲೇ ತಡೆದು, ಇನ್ನೊಂದು ಕೈ ಚಾಚಿದರು.

"ಮೊದಲ ಆ ಕರ್ಚೀಫ್ ಇಲ್ಲಿಡು."